ಹತ್ತಿರ ಇದ್ದದ್ದಕ್ಕೇ ದೂರವಾದ ಬೀದರ್

ಹೈದರಾಬಾದಿನಲ್ಲಿ ನೆಲೆ ನಿಂತ ನಮ್ಮಂಥ ಕನ್ನಡಿಗರಿಗೆ ಬೀದರ್ ಅಂದ್ರೆ ಪಕ್ಕದೂರು ಇದ್ದ ಹಾಗೆ. ರಸ್ತೆಯಲ್ಲಿ ಸುಮಾರು 140 ಕಿ.ಮೀ., ಬಸ್ಸಿನಲ್ಲಿ ಒಂದು ನಿದ್ದೆ ತೆಗೆದರೆ ಬಂತು. ಅದೇ ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ.! 1956ರ ನವೆಂಬರ್ 1ರ ತನಕ ಬೀದರ್, ಗುಲ್ಬರ್ಗ (ಈಗಿನ ಕಲಬುರಗಿ), ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅವತ್ತು ಭಾಷೆ ಒಂದಾಯಿತು, ರಾಜಧಾನಿ ಮಾತ್ರ ದೂರ ಹೋಯಿತು ನೋಡಿ.

ಇಷ್ಟು ದೂರಕ್ಕೆ ವಿಮಾನವೇ ಮದ್ದು. ಬೀದರಿನಲ್ಲಿ ವಾಯುಪಡೆಯ ರನ್‌ವೇ ಮೊದಲೇ ಇತ್ತು, ಆಮೇಲೆ ಪ್ರಯಾಣಿಕರ ಟರ್ಮಿನಲ್ಲೂ ಎದ್ದಿತು. ಆದರೆ 2008ರಲ್ಲಿ ತೆರೆದ ನಮ್ಮ ಶಂಶಾಬಾದ್ ನಿಲ್ದಾಣಕ್ಕೆ 2004ರಲ್ಲಿ ಆದ ಕರಾರಿನಲ್ಲಿ ಒಂದು ಷರತ್ತಿತ್ತು: 150 ಕಿ.ಮೀ. ವೈಮಾನಿಕ ಅಂತರದೊಳಗೆ 25 ವರ್ಷ ಬೇರೆ ಹೊಸ ನಿಲ್ದಾಣ ಕೂಡದು. ನಕ್ಷೆಯ ಮೇಲೆ ನೇರ ಗೆರೆ ಎಳೆದು ನೋಡಿ, ಶಂಶಾಬಾದಿನಿಂದ ಬೀದರ್ ಸುಮಾರು 125 ಕಿ.ಮೀ. ಕಲಬುರಗಿ ಸುಮಾರು 156, ಕೂದಲೆಳೆಯಲ್ಲಿ ಪಾರು! ಬೀದರಿನ ಟರ್ಮಿನಲ್ ವರ್ಷಗಟ್ಟಲೆ ಖಾಲಿ ಕೂತದ್ದಕ್ಕೆ ಈ ಷರತ್ತೂ ಒಂದು ಕಾರಣ.

ಕೊನೆಗೆ ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು, ಬೀದರಿನದು 2020ರ ಫೆಬ್ರವರಿ 7ರಂದು ಶುರುವಾದವು. ನಡುವೆ ಬೀದರಿನ ವಿಮಾನ ತಿಂಗಳುಗಟ್ಟಲೆ ನಿಂತದ್ದೂ ಉಂಟು.

ನಮಗೆ ಅದರಿಂದ ಏನೂ ಆಗಬೇಕಿಲ್ಲ, ಊರಿಗೆ ಹೋಗೋಕೆ ಬಸ್ಸೇ ಸಾಕು. ಆದರೆ ಬೆಂಗಳೂರಿನ ಕಚೇರಿಗಳಿಗೆ ಅಲೆಯುವ ಬೀದರಿನವರಿಗೆ ಈ ಲೆಕ್ಕ ಹೊಟ್ಟೆಯ ಪಾಡು. ನಮ್ಮ ನಗರಕ್ಕೆ ಹತ್ತಿರ ಇದ್ದದ್ದಕ್ಕೇ ಅವರಿಗೆ ತಮ್ಮ ರಾಜಧಾನಿ ಅಷ್ಟು ವರ್ಷ ದೂರ ಉಳಿಯಿತು.