ಬಂಟ್ವಾಳ ಪೇಟೆ

ವಾಚಕರೇ, ಧರ್ಮಸ್ಥಳದಲ್ಲಿ ನೀವು ಮಿಂದ ನೇತ್ರಾವತಿಯೇ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳದ ಮಗ್ಗುಲಲ್ಲಿ ಹರಿಯುತ್ತದೆ. ಇದು ಅರಸರ ರಾಜಧಾನಿಯಲ್ಲ, ವರ್ತಕರ ಪೇಟೆ, ಬೆಳೆಸಿದ್ದು ಹೊಳೆ. ಘಟ್ಟದ ಸರಕು ಎತ್ತಿನ ಬಂಡಿಯಲ್ಲಿ ಇಲ್ಲಿಗಿಳಿದು, ದೋಣಿಯೇರಿ ಮಂಗಳೂರಿಗೆ ಹೋಗುತ್ತಿತ್ತು; ಉಪ್ಪು, ಒಣಮೀನು ದೋಣಿಗಳಲ್ಲೇ ಮೇಲಕ್ಕೆ ಬರುತ್ತಿದ್ದವು. ಹೊಳೆಯ ಪಕ್ಕಕ್ಕೇ ಚಾಚಿದ ಉದ್ದನೆಯ ಬೀದಿ, ಅಲ್ಲಿ ತಿರುಮಲ ವೆಂಕಟರಮಣನ ದೇವಸ್ಥಾನ. ನಮ್ಮ ಮಕ್ಕಳೆಲ್ಲರ ಕವಿ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದೂ ಈ ಊರಿನಲ್ಲೇ.

ಸಾಕಿದ ಹೊಳೆಯೇ 1923ರಲ್ಲಿ ಪೇಟೆಯನ್ನು ಮುಳುಗಿಸಿತು. ಹಳಬರು ಅದನ್ನು ‘ಮಾರಿಬೊಳ್ಳ’ ಎನ್ನುತ್ತಿದ್ದರು. 1974ರಲ್ಲಿ ಮತ್ತೊಮ್ಮೆ ನೆರೆ ಬಂತು. ನೀರಿಳಿದ ಮೇಲೆ ಅಂಗಡಿಗಳ ಬಾಗಿಲು ತೆರೆಯಿತು. ಆದರೆ ರಸ್ತೆ ಕೊಟ್ಟ ಪೆಟ್ಟು ಬೇರೆ ಬಗೆಯದು. ಬೆಂಗಳೂರಿನ ಹೆದ್ದಾರಿ ಪೇಟೆಯನ್ನು ಬದಿಗಿಟ್ಟು ಹಾದುಹೋಯಿತು; ಬಂಟ್ವಾಳ ಕ್ರಾಸ್ ರೋಡ್ ಎಂಬ ಕವಲು ‘ಬಿ.ಸಿ. ರೋಡ್’ ಆಗಿ ಬೆಳೆದು ವ್ಯಾಪಾರವನ್ನೂ ತಾಲೂಕು ಕಚೇರಿಯನ್ನೂ ಸೆಳೆದುಕೊಂಡಿತು. ರೈಲು ನಿಲ್ದಾಣಕ್ಕೆ ಹೆಸರು ಬಂಟ್ವಾಳದ್ದು, ನೆಲ ಬಿ.ಸಿ. ರೋಡಿನದು!

ಹಳೆಯ ಪೇಟೆ, ಬಿ.ಸಿ. ರೋಡ್, ಹೊಳೆಯಾಚೆಯ ಪಾಣೆಮಂಗಳೂರು ಇಂದು ಒಂದೇ ಪುರಸಭೆಯವು. ಚರಂಡಿಗೂ ಬೀದಿದೀಪಕ್ಕೂ ಒಂದೇ ಬೊಕ್ಕಸ. ಬೆಳೆಯುವ ಕವಲಿನ ಬೇಡಿಕೆಗಳ ನಡುವೆ ಹಳೆಯ ಬೀದಿಯ ಪಾಲನ್ನು ಅದರ ಸದಸ್ಯರೇ ಸಭೆಯಲ್ಲಿ ಕೇಳಿ ಪಡೆಯಬೇಕು. ನಲ್ಲಿಯಲ್ಲಿ ಬರುವ ನೀರು ಮಾತ್ರ ಇಂದಿಗೂ ಅದೇ ನೇತ್ರಾವತಿಯದು.