ಕೊಳೆರೋಗದ ಕುಲ ಯಾವುದು?

ಉಬ್ರಾಣಿ ಕಡೆಯ ಹುಡುಗನೋ ಹುಡುಗಿಯೋ ಸೆಲ್ ಅಂಡ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡ್ತೀನಿ ಅಂದ್ರೆ ಮನೆಯಲ್ಲಿ ಮೊದಲು ಬರೋ ಪ್ರಶ್ನೆ: "ಓದಿದ್ರೆ ಏನ್ ಕೆಲ್ಸ ಸಿಗುತ್ತೆ?" ಅಡಿಕೆ ತೋಟ ಇರೋರ ಮನೆಯಲ್ಲಿ ಇನ್ನೊಂದು ಪ್ರಶ್ನೆಯೂ ಇರುತ್ತೆ: "ತೋಟಕ್ಕೇನಾದ್ರೂ ಉಪಯೋಗ ಐತಾ?" ನನಗೂ ಎರಡೂ ಬಂದವು. ಮೊದಲನೆಯದಕ್ಕೆ ಬೆಂಗಳೂರು ಉತ್ತರ ಕೊಟ್ಟಿತು. ಎರಡನೆಯದಕ್ಕೆ ಉತ್ತರ ಸಿಕ್ಕಿದ್ದು ಹಳೇ ಮೈಸೂರಿನ ಇತಿಹಾಸದಲ್ಲಿ.

ನಮ್ಮ ಸಿಲಬಸ್ ಶುರುವಾಗಿದ್ದು ಇ. ಕೋಲೈ ಬ್ಯಾಕ್ಟೀರಿಯಾದಿಂದ, ಮುಗಿದದ್ದು ಹಣ್ಣಿನ ನೊಣದಲ್ಲಿ. ಇತಿಹಾಸ ಅಂದ್ರೆ 1953, ಕೇಂಬ್ರಿಡ್ಜ್, ವಾಟ್ಸನ್ ಮತ್ತು ಕ್ರಿಕ್. ಆದರೆ ಅಡಿಕೆಯ ಕೊಳೆರೋಗದ ಕಥೆ ಹಿಡಿದು ಹೊರಟರೆ ನಾಲ್ಕು ಸೆಮಿಸ್ಟರ್‌ನ ಪಾಠ ಬಹುಪಾಲು ಅದರೊಳಗೇ ಇದೆ: ಕೋಶಭಿತ್ತಿ, ಸಂತಾನೋತ್ಪತ್ತಿ, ಆರ್‌ಎನ್‌ಎ, ಡಿಎನ್‌ಎ.

ಉಬ್ರಾಣಿಯದು ಅರೆಮಲೆನಾಡು. ತೀರ್ಥಹಳ್ಳಿ, ಶೃಂಗೇರಿಯಷ್ಟು ಮಳೆ ಇಲ್ಲಿಲ್ಲ. ಹಾಗಾಗಿ ಕೊಳೆ ಇಲ್ಲಿ ಪ್ರತಿ ವರ್ಷ ಕಾಡುವುದಿಲ್ಲ. ಮಳೆ ಬಿಡದೆ ಹಿಡಿದ ವರ್ಷ ಮಾತ್ರ ಎಲ್ಲರ ಎದೆ ಡವಡವ. ಎಳೆ ಕಾಯಿಯ ಮೇಲೆ ನೀರು ಕುಡಿದಂಥ ಕಡುಹಸಿರು ಕಲೆ, ಆಮೇಲೆ ಬಿಳಿ ಬೂಷ್ಟು, ಆಮೇಲೆ ಮರದ ಬುಡದಲ್ಲೆಲ್ಲ ಉದುರಿದ ಕಾಯಿ. ಮೊದಲೆಲ್ಲ ಮಲೆನಾಡಿನವರು ಕೊನೆಗೆ ಕೊಟ್ಟೆ ಕಟ್ಟಿ ಮಳೆನೀರಿನಿಂದ ಕಾಯುತ್ತಿದ್ದರು. ನೀರಿಗೂ ರೋಗಕ್ಕೂ ನಂಟಿದೆ ಅನ್ನೋದು ಅವರಿಗೆ ಗೊತ್ತಿತ್ತು.

ಆ ನಂಟು ಏನು ಅಂತ ಸೂಕ್ಷ್ಮದರ್ಶಕದಲ್ಲಿ ಹುಡುಕಿದವರು ಲೆಸ್ಲಿ ಕೋಲ್ಮನ್. ಈ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ನಮ್ಮ ಚನ್ನಗಿರಿ ಆಗ ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1910ರಲ್ಲಿ ಕೋಲ್ಮನ್ ಕೊಳೆರೋಗದ ಮೇಲೆ ದೊಡ್ಡ ವರದಿ ಪ್ರಕಟಿಸಿ, ರೋಗಕಾರಕ ಫೈಟಾಫ್ಥೊರಾ ಕುಲಕ್ಕೆ ಸೇರಿದ್ದು ಎಂದರು. ಗ್ರೀಕ್‌ನಲ್ಲಿ ಆ ಹೆಸರಿನ ಅರ್ಥ 'ಗಿಡಹಂತಕ'. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ, ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದ ಬರ ತಂದಿದ್ದೂ ಇದೇ ಕುಲದ್ದು.

ಈ ಜೀವಿಯ ಬೀಜಕಣಕ್ಕೆ ಎರಡು ಬಾಲ. ಕಾಯಿಯ ಮೇಲಿನ ನೀರಿನ ಪದರದಲ್ಲಿ ಅದು ಈಜುತ್ತೆ. ಕೊಟ್ಟೆ ಕಟ್ಟೋದು ಯಾಕೆ ಕೆಲಸ ಮಾಡ್ತಿತ್ತು ಅನ್ನೋದಕ್ಕೆ ಉತ್ತರ ಇಲ್ಲಿದೆ. ಕೋಲ್ಮನ್ ಕೊನೆಗೆ ಬೋರ್ಡೋ ದ್ರಾವಣ ಹೊಡೆಸಿದರು. ಮೈಲುತುತ್ತ, ಸುಣ್ಣ, ನೀರು. ಇವತ್ತಿಗೂ ಲೆಕ್ಕ ಸರಳ: 100 ಲೀಟರ್ ನೀರಿಗೆ ಒಂದೊಂದು ಕೆ.ಜಿ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಔಷಧಿ ಇದು.

ಕಥೆ ಕೋಲ್ಮನ್‌ಗೆ ನಿಲ್ಲಲಿಲ್ಲ. ಎಂ.ಜೆ. ನರಸಿಂಹನ್ 1930ರಲ್ಲಿ ಮೈಸೂರಿನ ಫೈಟಾಫ್ಥೊರಾಗಳ ಬಗ್ಗೆ ಅಮೆರಿಕದ 'ಫೈಟೊಪೆಥಾಲಜಿ' ಪತ್ರಿಕೆಯಲ್ಲಿ ಬರೆದರು. ಕೆಲವು ತಳಿಗಳನ್ನು ಒಂಟಿಯಾಗಿ ಬೆಳೆಸಿದರೆ ಲೈಂಗಿಕ ಬೀಜಕಣ ಬರೋದಿಲ್ಲ, ಹೊಂದುವ ಎರಡು ತಳಿಗಳನ್ನು ಜೊತೆಗೆ ಬೆಳೆಸಿದರೆ ಬರುತ್ತೆ ಅಂತ. ಡಬಲ್ ಹೀಲಿಕ್ಸ್‌ಗೆ ಇನ್ನೂ 23 ವರ್ಷ ಬಾಕಿ ಇತ್ತು. ನಮ್ಮ ಕ್ಲಾಸಿನಲ್ಲಿ 'ಮೇಟಿಂಗ್ ಟೈಪ್' ಪಾಠ ಯೀಸ್ಟ್ ಉದಾಹರಣೆಯಿಂದಲೇ ಮುಗಿದಿತ್ತು.

ಇಷ್ಟೆಲ್ಲ ಆಗುವಾಗಲೂ ಈ ಜೀವಿಯನ್ನು ಎಲ್ಲರೂ ಶಿಲೀಂಧ್ರ ಅಂತಲೇ ಕರೀತಿದ್ದರು. ನೋಡೋಕೆ ಹಾಗೇ ಇದೆ, ಎಳೆ ಎಳೆಯಾಗಿ ಬೆಳೆಯುತ್ತೆ. ಆದರೆ ಶಿಲೀಂಧ್ರದ ಕೋಶಭಿತ್ತಿಯ ಮುಖ್ಯ ವಸ್ತು ಕೈಟಿನ್, ಇದರದ್ದು ಸೆಲ್ಯುಲೋಸ್ ಮತ್ತು ಗ್ಲುಕಾನ್. 1980ರ ದಶಕದ ಕೊನೆಗೆ ರೈಬೋಸೋಮಿನ ಆರ್‌ಎನ್‌ಎ ಹೋಲಿಕೆಗಳು ಬಂದಾಗ ಈ ಗುಂಪಿನ ಸಂಬಂಧಿಕರು ಯಾರು ಅನ್ನೋದು ಸ್ಪಷ್ಟವಾಯಿತು. ಅಣಬೆಗಳಲ್ಲ, ಸಮುದ್ರದ ಕಂದು ಪಾಚಿಗಳು.

ಕುಲ ಬದಲಾದರೆ ರೈತನಿಗೇನು? ಮಳೆ ಜೋರಿದ್ದ ಒಂದು ವರ್ಷ ಅಪ್ಪ ಫೋನ್ ಮಾಡಿದರು. "ಕೊಳೆಗೆ ಇದೇ ಬೆಸ್ಟು ಅಂತ ಅಂಗಡಿಯೋನು ಹೊಸ ಔಷಧಿ ಕೊಟ್ಟವ್ನೆ, ಹೊಡೆಸ್ಲಾ?" ಡಬ್ಬಿ ಮೇಲಿದ್ದ ಹೆಸರು ಓದಿಸಿದೆ. ಅಜೋಲ್ ಗುಂಪಿನದ್ದು. ಅಜೋಲ್ ಕೊಲ್ಲೋದು ಎರ್ಗೋಸ್ಟೆರಾಲ್ ತಯಾರಿಕೆಯನ್ನು ತಡೆದು. ಫೈಟಾಫ್ಥೊರಾ ಎರ್ಗೋಸ್ಟೆರಾಲ್ ತಯಾರಿಸೋದೇ ಇಲ್ಲ. ಇಲ್ಲದ ಬಾಗಿಲಿಗೆ ಬೀಗ ಹಾಕಿದ ಹಾಗೆ. "ಬೇಡಪ್ಪ, ವಾಪಸ್ ಕೊಡು, ಮೈಲುತುತ್ತ ಸುಣ್ಣಾನೇ ಸಾಕು" ಅಂದೆ. ಅವತ್ತು ಮರ ಹತ್ತಬೇಕಿದ್ದ ಕೊನೆಗಾರನ ಕೂಲಿ, ಡಬ್ಬಿ ದುಡ್ಡು, ಎಲ್ಲಕ್ಕಿಂತ ಹೆಚ್ಚಾಗಿ ಮಳೆಗಾಲದ ಒಂದು ವಾರ ಉಳಿಯಿತು.

1970ರ ದಶಕದ ಕೊನೆಗೆ ಬಂದ ಮೆಟಲಾಕ್ಸಿಲ್ ಈ ಗುಂಪಿಗೇ ಹೇಳಿಮಾಡಿಸಿದ್ದು. ಅದು ತಡೆಯೋದು ರೈಬೋಸೋಮಿನ ಆರ್‌ಎನ್‌ಎ ತಯಾರಿಕೆಯನ್ನು. ಅಂದ್ರೆ ಮೊದಲ ಸೆಮಿಸ್ಟರಿನ 'ಆರ್‌ಎನ್‌ಎ ಪಾಲಿಮರೇಸ್' ಅಧ್ಯಾಯ ಗೊಬ್ಬರದ ಅಂಗಡಿಯ ಕಪಾಟಿನಲ್ಲಿ ಕೂತಿದೆ.

ಹೆಸರಿನ ವಿಚಾರಣೆ ಇನ್ನೂ ನಡೀತಿದೆ. ಕೋಲ್ಮನ್ ವಿವರಿಸಿದ್ದು ಮುಂದೆ ಫೈಟಾಫ್ಥೊರಾ ಅರೆಕೇ ಎಂಬ ಸ್ವತಂತ್ರ ಪ್ರಭೇದವಾಯಿತು. ಇತ್ತೀಚೆಗೆ ಕರ್ನಾಟಕದ ತೋಟಗಳ ಮಾದರಿಗಳ ಡಿಎನ್‌ಎ ಓದಿದಾಗ ಪ್ರಮುಖವಾಗಿ ಕಂಡಿದ್ದು ಫೈಟಾಫ್ಥೊರಾ ಮೀಡಿ, 1918ರಲ್ಲಿ ರಬ್ಬರ್ ಮರದ ಮೇಲೆ ಗುರುತಿಸಿದ ಪ್ರಭೇದ. ಅಡಿಕೆ ತೋಟದ ಪಕ್ಕ ರಬ್ಬರ್ ಹಾಕುವವರು ಕೇಳಲೇಬೇಕಾದ ಸುದ್ದಿ ಇದು.

1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದ ಮೇಲೆ ನಮ್ಮ ಸೀಮೆಯ ಮಕ್ಕಳಿಗೆ ಜೀವಶಾಸ್ತ್ರದ ಎಂ.ಎಸ್ಸಿ. ದೂರದ ಮಾತಲ್ಲ. ಓದಿದವರಲ್ಲಿ ಅನೇಕರು ನನ್ನ ಹಾಗೆ ಬೆಂಗಳೂರಿನಲ್ಲಿ ಎ.ಸಿ. ಲ್ಯಾಬ್‌ನಲ್ಲಿ ಕೂತಿದ್ದೇವೆ, ಮನೆಯಲ್ಲಿ ಅಪ್ಪಂದಿರು ಮೋಡ ನೋಡುತ್ತಿದ್ದಾರೆ. ಈ ವಿಜ್ಞಾನ ಹೊರಗಿನಿಂದ ಬಂದದ್ದು ಅಂತ ಕಲಿತರೆ ಅದು ಸಂಬಳಕ್ಕೆ ಮಾತ್ರ ಅನ್ನಿಸೋದು ಸಹಜ. ನೂರು ವರ್ಷದ ಹಿಂದೆಯೇ ಅದು ಅಡಿಕೆ ಕೊನೆಯವರೆಗೂ ಹತ್ತಿತ್ತು ಅಂತ ಗೊತ್ತಿದ್ದರೆ, ಈ ಸಲ ಊರಿಗೆ ಹೋದಾಗ ಔಷಧಿ ಡಬ್ಬಿ ಎತ್ತಿ, ಹಿಂದಿರೋ ಸಣ್ಣ ಅಕ್ಷರ ಓದಿ ಹೇಳೋ ಮನಸ್ಸಾದರೂ ಬರುತ್ತೆ.