ಒಬ್ಬ ತಾಯಿಯ ಹಟ, ಲಕ್ಷಾಂತರ ಮಕ್ಕಳ ಬದುಕು

ಮಗು ನಡೆಯುವುದು ತಡವಾದರೆ, ಮಾತು ಬಾರದಿದ್ದರೆ ಮನೆಯವರ ಬೆರಳು ಮೊದಲು ತಿರುಗುವುದು ತಾಯಿಯ ಕಡೆಗೆ. "ಬಸುರಿಯಲ್ಲಿ ಏನು ತಿಂದಳೋ, ಗ್ರಹಣ ನೋಡಿದಳೋ" ಎಂಬ ಮಾತನ್ನು ನಾವೆಲ್ಲ ಕೇಳಿದವರೇ. ಆ ಮಾತಿಗೆ ವಿಜ್ಞಾನದಿಂದ ಉತ್ತರ ಸಿಕ್ಕಿದ್ದರ ಹಿಂದೆಯೂ ಒಬ್ಬ ತಾಯಿ ಇದ್ದಾರೆ.

ನಾರ್ವೆ ದೇಶದ ಬೋರ್ಗ್ನಿ ಎಗೆಲಾಂಡ್ ಅವರಿಗೆ ಇಬ್ಬರು ಮಕ್ಕಳು, ಲಿವ್ ಮತ್ತು ಡಾಗ್. ಹುಟ್ಟಿದಾಗ ಇಬ್ಬರೂ ಚೆನ್ನಾಗಿಯೇ ಇದ್ದರು. ಬೆಳೆದಂತೆ ಬುದ್ಧಿ ಬೆಳೆಯಲಿಲ್ಲ. ಮಕ್ಕಳ ಮೈಯಿಂದ ಒಂದು ವಿಚಿತ್ರ ವಾಸನೆ ಬರುತ್ತಿತ್ತು. ತಾಯಿ ಡಾಕ್ಟರಿಂದ ಡಾಕ್ಟರಿಗೆ ಅಲೆದರು, ಯಾರಿಗೂ ಕಾರಣ ತಿಳಿಯಲಿಲ್ಲ. ಕೊನೆಗೆ 1934ರಲ್ಲಿ ಓಸ್ಲೋದ ಡಾ. ಆಸ್ಬ್ಯೋರ್ನ್ ಫೋಲಿಂಗ್ ಅವರ ಬಳಿ ಬಂದರು. ರಸಾಯನಶಾಸ್ತ್ರವನ್ನೂ ಓದಿದ್ದ ಅವರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅವರು ಎಂದೂ ಕಾಣದ ಹಸಿರು ಬಣ್ಣ ಬಂತು. ಅದೇನೆಂದು ತಿಳಿಯಲು ಇನ್ನಷ್ಟು ಮೂತ್ರ ಬೇಕಿತ್ತು. ಆ ತಾಯಿ ಬೇಸರಿಸದೆ ಸುಮಾರು 20 ಲೀಟರ್ ತಂದುಕೊಟ್ಟರು!

ಅದರಲ್ಲಿ ಸಿಕ್ಕಿದ್ದು ಫಿನೈಲ್‌ಪೈರುವಿಕ್ ಆಮ್ಲ. ಫೋಲಿಂಗ್ ಮತ್ತೆ 430 ಮಂದಿಯನ್ನು ಪರೀಕ್ಷಿಸಿ ಎಂಟು ಜನರಲ್ಲಿ ಅದನ್ನೇ ಕಂಡರು. ಅವರಲ್ಲಿ ಒಡಹುಟ್ಟಿದವರೂ ಇದ್ದುದರಿಂದ ಇದು ವಂಶದಲ್ಲಿ ಬರುವುದೆಂದು ಗೊತ್ತಾಯಿತು. ಮುಂದೆ ಇದಕ್ಕೆ ಫಿನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು, ಎಂಬ ಹೆಸರು ಬಂತು.

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಯಲ್ಲಿ ಫಿನೈಲ್‌ಅಲನಿನ್ ಎಂಬ ಅಂಶವಿದೆ. ಅದನ್ನು ಬದಲಾಯಿಸುವ ಕಿಣ್ವ, ಅಂದರೆ ಎನ್‌ಜೈಮ್, ಈ ಮಕ್ಕಳ ಯಕೃತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಆ ಅಂಶ ರಕ್ತದಲ್ಲಿ ಏರಿ ಮಿದುಳನ್ನು ಕೆಡಿಸುತ್ತದೆ. ದೋಷವಿರುವ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮಾತ್ರ ಕಾಯಿಲೆ. ಒಂದೇ ಇರುವ ತಂದೆತಾಯಿ ಆರೋಗ್ಯವಂತರೇ; ಪ್ರತಿ ಬಸುರಿಯಲ್ಲೂ ಕಾಯಿಲೆಯ ಸಾಧ್ಯತೆ 25%. ಹಾಗಾದರೆ ತಾಯಿಯೊಬ್ಬಳದೇ ತಪ್ಪು ಎಲ್ಲಿ ಬಂತು?

1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೊಬ್ಬ ತಾಯಿ ದಿನವೂ ಲ್ಯಾಬಿನ ಮುಂದೆ ನಿಂತು, "ನನ್ನ ಮಗಳಿಗೆ ಏನಾದರೂ ಮಾಡಿ" ಎಂದು ಕೇಳಿದರು. ಡಾ. ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಫಿನೈಲ್‌ಅಲನಿನ್ ಕಡಿಮೆ ಇರುವ ಆಹಾರ ತಯಾರಿಸಿ ಕೊಟ್ಟರು. ಆ ಮಗು ಸ್ವಲ್ಪ ಮಟ್ಟಿಗೆ ಚೇತರಿಸಿಕೊಂಡಿತು. ಆದರೆ ಪಥ್ಯ ಹುಟ್ಟಿದ ಮೊದಲ ವಾರಗಳಲ್ಲೇ ಶುರುವಾದರೆ ಮಾತ್ರ ಮಿದುಳು ಪೂರ್ತಿ ಉಳಿಯುತ್ತದೆ. ಅದಕ್ಕೆ ದಾರಿ ಮಾಡಿದ್ದು 1960ರ ದಶಕದಲ್ಲಿ ಅಮೆರಿಕದ ಡಾ. ರಾಬರ್ಟ್ ಗತ್ರಿ ತಂದ, ಹಿಮ್ಮಡಿಯ ಒಂದು ಹನಿ ರಕ್ತದ ಪರೀಕ್ಷೆ. ಅವರ ನೆಂಟರ ಬಳಗದ ಒಂದು ಹೆಣ್ಣುಮಗುವಿಗೂ ಪಿಕೆಯು ಇತ್ತು.

ನಮ್ಮ ಕರ್ನಾಟಕದಲ್ಲೂ 1980ರಲ್ಲೇ ಇಂಥ ಕೆಲಸ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳಲ್ಲಿ ಇಂಥ ದೋಷಗಳನ್ನು ಹುಡುಕಿದರು. ಸೋದರಮಾವನಿಗೆ, ಅತ್ತೆಮಗನಿಗೆ ಹೆಣ್ಣು ಕೊಡುವ ನಮ್ಮ ಪದ್ಧತಿಯಲ್ಲಿ ಒಂದೇ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು.

ಲಿವ್, ಡಾಗ್ ಅವರಿಗೆ ಚಿಕಿತ್ಸೆ ಸಿಗುವ ಕಾಲ ಬರಲಿಲ್ಲ. ಡಾಗ್ ಚಿಕ್ಕಂದಿನಲ್ಲೇ ತೀರಿಕೊಂಡ. ಇಂದು ನಮಗೆ ಆ ಅನುಕೂಲವಿದೆ. ಬಳಗದಲ್ಲಿ ಇಂಥ ಮಗುವಿದ್ದರೆ ಮುಚ್ಚಿಡಬೇಡಿ. ಮಗುವಿನ ಜೀನ್ ದೋಷ ಗೊತ್ತಾದರೆ ಅದರ ಚಿಕ್ಕಮ್ಮ, ಅತ್ತೆ, ಮಾವಂದಿರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬಹುದು. ಊರು ಬಿಟ್ಟು ದೂರ ಇರುವ ನಾವು ಮಗಳ, ಸೊಸೆಯ ಬಾಣಂತನಕ್ಕೆ ಹೋದಾಗ "ಮಗುವಿನ ಹಿಮ್ಮಡಿ ರಕ್ತ ಪರೀಕ್ಷೆ ಆಯಿತೇ?" ಎಂದು ಡಾಕ್ಟರನ್ನು ಒಂದು ಮಾತು ಕೇಳೋಣ. ಬೋರ್ಗ್ನಿಯವರೂ ಮಾಡಿದ್ದು ಅದನ್ನೇ, ಬಿಡದೆ ಕೇಳಿದ್ದು.